ಹಾಡಿನ ತಟ್ಟೆ, ಊಟದ ತಟ್ಟೆ

‘ಮತ್ತೆ ಅದೇ ಹಳೇ ಪ್ಲೇಟು ಹಾಕಬೇಡ’ ಎಂದು ಗದರುವವರಲ್ಲಿ ಎಷ್ಟೋ ಮಂದಿ ಗ್ರಾಮಾಫೋನ್ ಪ್ಲೇಟನ್ನು ಕೈಯಲ್ಲಿ ಹಿಡಿದವರಲ್ಲ. ಮಾತು ನಾಲಿಗೆಯ ಮೇಲೆ ಉಳಿದಿದೆ, ಪ್ಲೇಟು ಅಟ್ಟ ಸೇರಿದೆ. ಹಾಡುವುದೂ ಪ್ಲೇಟು, ದೋಸೆ ಬರುವುದೂ ಪ್ಲೇಟಿನಲ್ಲೇ. ಈ ಎರಡನ್ನೂ ಹುಡುಕಿಕೊಂಡು ಶನಿವಾರ ಬೆಳಿಗ್ಗೆ ಬೆಂಗಳೂರು ಬಿಟ್ಟವರು ಮಾಲೂರು, ಕೋಲಾರ, ಶ್ರೀನಿವಾಸಪುರ, ಮುಳಬಾಗಿಲು ಸುತ್ತಿ ಭಾನುವಾರದ ಹೊತ್ತಿಗೆ ಹಿಂತಿರುಗಬಹುದು. ಕೋಲಾರಕ್ಕೆ ಸುಮಾರು 70 ಕಿಲೋಮೀಟರು, ಅಲ್ಲಿಂದ ಮುಳಬಾಗಿಲಿಗೆ ಮತ್ತೆ 30.

ಆದರೆ ಯಾವ ತಿಂಗಳಲ್ಲಿ ಹೊರಟರು ಎಂಬುದು ಮುಖ್ಯ. ಏಕೆಂದರೆ ಈ ಸೀಮೆಯ ಊಟ ಪಂಚಾಂಗ ನೋಡಿಕೊಂಡೇ ಬರುತ್ತದೆ.

ಡಿಸೆಂಬರ್ ಎಂದರೆ ಅವರೆ. ರಾಗಿ ಹೊಲದ ನಡುವೆ ಅಕ್ಕಡಿ ಸಾಲಾಗಿ ಬಿತ್ತಿದ ಅವರೆ, ರಾಗಿ ಕೊಯ್ದ ಮೇಲೂ ಉಳಿದ ತೇವಕ್ಕೆ, ಬೀಳುವ ಇಬ್ಬನಿಗೆ ಬೆಳೆಯುತ್ತಾ ಹೋಗುತ್ತದೆ. ನಾಟಿ ಅವರೆ ಹೂ ಬಿಡುವುದು ಹಗಲು ಚಿಕ್ಕದಾದಾಗ ಮಾತ್ರ. ಎಷ್ಟು ನೀರು ಗೊಬ್ಬರ ಸುರಿದರೂ ಬೇಸಿಗೆಯಲ್ಲಿ ಅದು ಬಳ್ಳಿಯಾಗಿಯೇ ಉಳಿದೀತು. ಕಾಯಿಯ ಸಿಪ್ಪೆಯ ಮೇಲೆ ಒಸರುವ ಎಣ್ಣೆಯಂಥ ಜಿಡ್ಡಿಗೆ ಸೊಗಡು ಎಂದು ಹೆಸರು. ಅದು ಕೊಬ್ಬಿನಾಮ್ಲಗಳ ವಾಸನೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ಇಬ್ಬನಿ ಬಿದ್ದಷ್ಟೂ ಸೊಗಡು ಎಂಬುದು ರೈತರ ಮಾತು. ಮೂಟೆ ಬಿಚ್ಚಿದ ಬೀದಿಯಲ್ಲಿ ಕಣ್ಣು ಮುಚ್ಚಿ ನಡೆದರೂ ಅವರೆ ಬಂದಿದೆಯೆಂದು ಗೊತ್ತಾಗುವುದು ಇದರಿಂದಲೇ.

ಆ ಎರಡು ತಿಂಗಳು ಉಪ್ಪಿಟ್ಟಿನಲ್ಲಿ ಅವರೆಕಾಳು, ಅಕ್ಕಿ ರೊಟ್ಟಿಯಲ್ಲಿ ಅವರೆಕಾಳು, ಮುದ್ದೆಗೆ ಅವರೆಕಾಳಿನ ಸಾರು. ನೆನೆಸಿದ ಕಾಳನ್ನು ಒಂದೊಂದಾಗಿ ಹಿತುಕಿ ಸಿಪ್ಪೆ ಬಿಡಿಸಿದರೆ ಹಿತಕಿದ ಬೇಳೆ. ಅದರ ಸಾರು ನೆಂಟರು ಬಂದ ದಿನಕ್ಕೆ. ಗಡಿ ದಾಟಿ ಚಿತ್ತೂರಿನ ಕಡೆ ಹೋದರೆ ಇದೇ ಕಾಯಿ ‘ಅನಪಕಾಯ’, ತಮಿಳರ ಬಾಯಲ್ಲಿ ‘ಮೊಚ್ಚೆ’. ಹೆಸರು ಮೂರು, ರುಚಿ ಒಂದೇ.

ಹಾಡಿಗೂ ಹಿಂದೆ ಹೀಗೆಯೇ ಕಾಲವಿತ್ತು. ರಾಗಿ ಬೀಸುವಾಗಿನ ಪದ ಬೀಸುವ ಕಲ್ಲಿನ ಮುಂದೆ, ಸೋಬಾನೆ ಮದುವೆಯ ಚಪ್ಪರದಲ್ಲಿ, ಕೋಲಾಟ ಸುಗ್ಗಿಯ ಬೆಳದಿಂಗಳಲ್ಲಿ. ಬೇಕೆಂದಾಗ ಕೇಳುವ ಸೌಕರ್ಯ ಇರಲಿಲ್ಲ. ಆ ಕಟ್ಟನ್ನು ಮುರಿದದ್ದು ಪ್ಲೇಟು.

1902ರ ವರ್ಷವನ್ನು ಕೋಲಾರದವರು ಎರಡು ಕಾರಣಕ್ಕೆ ನೆನೆಯಬಹುದು. ಆ ವರ್ಷದ ಜೂನ್‌ನಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ತಂತಿ ಎಳೆದು ಚಿನ್ನದ ಗಣಿಗೆ ವಿದ್ಯುತ್ ತರಲಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಗ್ರಾಮಾಫೋನ್ ಕಂಪೆನಿಯ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಮೊದಲಾದವರ ದನಿಯನ್ನು ಮುದ್ರಿಸಿಕೊಂಡ. ಈ ಗೌಹರ್ ಜಾನ್ ಕೊನೆಗೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡಳು. ವಿದ್ಯುತ್ತಿಗೂ ಗ್ರಾಮಾಫೋನಿಗೂ ನೇರ ಸಂಬಂಧವಿರಲಿಲ್ಲ, ಸ್ವಾರಸ್ಯವಿರುವುದೂ ಅಲ್ಲೇ. ಗ್ರಾಮಾಫೋನ್ ಓಡುತ್ತಿದ್ದುದು ಗಡಿಯಾರದಂತೆ ಕೀಲಿ ಕೊಟ್ಟ ಸ್ಪ್ರಿಂಗಿನ ಬಲದಿಂದ. ಹೀಗಾಗಿ ದೀಪದ ಕಂಬ ಕಾಣದ ಹಳ್ಳಿಯಲ್ಲೂ ಹಾಡು ಹೊರಟಿತು.

ಆ ಕಾಲದ 78 ಸುತ್ತಿನ ಪ್ಲೇಟು ಅರಗಿನದು. ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವ ಅದೇ ಅರಗು. ಹತ್ತು ಅಂಗುಲದ ಪ್ಲೇಟಿನ ಒಂದು ಬದಿಗೆ ಸುಮಾರು ಮೂರು ನಿಮಿಷ. ರಾತ್ರಿಯಿಡೀ ನಡೆಯುವ ಕೋಲಾಟದ ಪದ ಮೂರು ನಿಮಿಷದಲ್ಲಿ ಹೇಗೆ ಹಿಡಿದೀತು? ಕಂಪೆನಿಗಳೂ ಅದರ ಗೋಜಿಗೆ ಹೆಚ್ಚು ಹೋಗಲಿಲ್ಲ. ಅವು ಬೆನ್ನು ಹತ್ತಿದ್ದು ಸಂಗೀತ ವಿದ್ವಾಂಸರನ್ನು, ನಾಟಕ ಕಂಪೆನಿಯ ನಟರನ್ನು, ಆಮೇಲೆ ಸಿನಿಮಾವನ್ನು. ಮುಳಬಾಗಿಲಿನ ನರಸಿಂಹತೀರ್ಥದಲ್ಲಿ ಬೃಂದಾವನಸ್ಥರಾದ ಶ್ರೀಪಾದರಾಜರು 15ನೇ ಶತಮಾನದಲ್ಲೇ ಕನ್ನಡದಲ್ಲಿ ಕೀರ್ತನೆ ರಚಿಸಿದವರು. ದಾಸರ ಪದಗಳಿಗೆ ವಿದ್ವಾಂಸರು ಸಿಕ್ಕರು, ಪ್ಲೇಟೂ ಸಿಕ್ಕಿತು. ಅದೇ ಊರಿನ ಹೊಲದಲ್ಲಿ ಕಳೆ ಕೀಳುತ್ತಾ ಹಾಡಿದ ಹೆಂಗಸರಿಗೆ ಆ ಭಾಗ್ಯ ಬರಲಿಲ್ಲ. ಕಲ್ಲು ಬಿಟ್ಟು ಮಿಲ್ಲಿಗೆ ಹೋದ ಮೇಲೆ ಬೀಸುವ ಪದವೂ ಹೋಯಿತು. ಇದು ಸಣ್ಣ ನಷ್ಟವಲ್ಲ.

ತಮಾಷೆಯೆಂದರೆ, ಕಾಲದ ಕಟ್ಟು ಬಿಚ್ಚಿಕೊಂಡು ಬಂದ ಪ್ಲೇಟಿಗೆ ಜನ ಮತ್ತೆ ಕಾಲ ಕಟ್ಟಿದರು. ಎಂ.ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ ಸುಪ್ರಭಾತ 1963ರಲ್ಲಿ ಎಲ್‌ಪಿಯಾಗಿ ಬಂತು. ಅದನ್ನು ಮಧ್ಯಾಹ್ನ ಹಾಕುವವರುಂಟೆ? ಟೂರಿಂಗ್ ಟಾಕೀಸಿನ ಡೇರೆಯ ಮೇಲಿನ ಕಹಳೆಯಲ್ಲಿ ಘಂಟಸಾಲ ಹಾಡಿದ ವೆಂಕಟೇಶನ ಭಕ್ತಿಗೀತೆ ಕೇಳಿತೆಂದರೆ ಟಿಕೆಟ್ ಕೊಡಲು ಶುರುವಾಯಿತೆಂದೇ ಅರ್ಥ. ಸುತ್ತಲ ಹಳ್ಳಿಯವರು ಊಟ ಅರ್ಧಕ್ಕೆ ಬಿಟ್ಟು ಓಡುತ್ತಿದ್ದರು. ಗಡಿಯಾರವಿಲ್ಲದ ಮನೆಗೆ ಆ ಹಾಡೇ ಗಡಿಯಾರ. 1974ರಲ್ಲಿ ತೀರಿಕೊಂಡ ಅದೇ ಘಂಟಸಾಲ ಕೊನೆಯ ದಿನಗಳಲ್ಲಿ ಹಾಡಿಟ್ಟುಹೋದ ಭಗವದ್ಗೀತೆ ತೆಲುಗು ಬಲ್ಲ ಸೀಮೆಯಲ್ಲಿ ಸಾವಿನ ಮನೆಯ ಗುರುತಾಯಿತು. ಬೀದಿಯ ತುದಿಯಲ್ಲಿ ಅದು ಕೇಳಿಸಿದರೆ ‘ಯಾರು ಹೋದರು?’ ಎಂದು ಕೇಳುತ್ತಾರೆ.

ತೆಲುಗು ಹಾಡು ಇಲ್ಲಿ ಪರಭಾಷೆಯ ಹಾಡಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಗಣಿಯ ಕಡೆ ಹೋದರೆ ತಮಿಳು ಎಂಬುದು ಈ ಜಿಲ್ಲೆಯ ವಾಡಿಕೆ. ಹಾಡು ಯಾವ ತಪಾಸಣೆಯೂ ಇಲ್ಲದೆ ಗಡಿ ದಾಟಿತು. ಮಾವಿಗೆ ಆ ಅದೃಷ್ಟ ಎಲ್ಲ ವರ್ಷವೂ ಇಲ್ಲ. ಶ್ರೀನಿವಾಸಪುರದ ತೋಪುಗಳ ತೋತಾಪುರಿ ಬಹುಪಾಲು ಹೋಗುವುದು ಚಿತ್ತೂರು ಜಿಲ್ಲೆಯ ತಿರುಳಿನ ಕಾರ್ಖಾನೆಗಳಿಗೆ. 2025ರ ಜೂನ್‌ನಲ್ಲಿ ಅಲ್ಲಿನ ಜಿಲ್ಲಾಡಳಿತ ಕರ್ನಾಟಕದ ತೋತಾಪುರಿಗೆ ತಡೆ ಹಾಕಿತು. ಶ್ರೀನಿವಾಸಪುರದ ಬೆಳೆಗಾರರು ಬೀದಿಗಿಳಿದರು. ಮುಖ್ಯಮಂತ್ರಿಗಳ ನಡುವೆ ಪತ್ರ ನಡೆಯಬೇಕಾಯಿತು. ಮೇ ಜೂನ್‌ನಲ್ಲಿ ಈ ಕಡೆ ಹೋಗುವವರು ಬಾದಾಮಿ, ರಸಪುರಿ, ಮಲ್ಲಿಕಾಗಳ ರಾಶಿಯ ಪಕ್ಕದಲ್ಲಿ ಇದನ್ನೂ ವಿಚಾರಿಸಿಕೊಂಡು ಬರಬಹುದು.

ಇನ್ನು ಪ್ಲೇಟು ಎಲ್ಲಿ ಸಿಗುತ್ತದೆ? ಇಂಥ ಊರುಗಳಲ್ಲಿ ಪ್ಲೇಟಿನ ಅಂಗಡಿ ಹುಡುಕುವುದಕ್ಕಿಂತ ಹಳೆಯ ಮೈಕ್‌ಸೆಟ್‌ನವರನ್ನು, ರೇಡಿಯೊ ರಿಪೇರಿಯವರನ್ನು ಕೇಳುವುದು ಮೇಲು. ಮದುವೆ, ಜಾತ್ರೆ, ಗಣೇಶನ ಹಬ್ಬಕ್ಕೆ ಕಹಳೆ ಕಟ್ಟಿ ಹಾಡು ಹಾಕುತ್ತಿದ್ದವರು ಅವರು. ಊರಿಗೆ ಯಾವ ಹಾಡು ಕೇಳಬೇಕೆಂದು ತೀರ್ಮಾನಿಸುತ್ತಿದ್ದವರೂ ಅವರೇ ಎನ್ನಬಹುದು. 1980ರ ದಶಕದಲ್ಲಿ ಕ್ಯಾಸೆಟ್ ಬಂದು ಅವರ ಪೆಟ್ಟಿಗೆ ಹಗುರವಾಯಿತು, ಪ್ಲೇಟು ಮೂಲೆಗೆ ಹೋಯಿತು. ಹಾಗೆ ಮೂಲೆ ಸೇರಿದ್ದು ಗುಜರಿಯ ದಾರಿ ಹಿಡಿದು ಕೊನೆಗೆ ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಂಥ ಕಡೆ ಹಳೆಯ ಬೀಗ, ಕ್ಯಾಮೆರಾಗಳ ನಡುವೆ ಕೂರುತ್ತದೆ. ಭಾನುವಾರ ಬೆಳಿಗ್ಗೆ ಬೇಗ ಹೋದವರಿಗೆ ಆಯ್ಕೆ ಹೆಚ್ಚು.

ಕೊಳ್ಳುವವರು ಒಂದೆರಡು ವಿಷಯ ತಿಳಿದಿರಬೇಕು. ಅರಗಿನ ಪ್ಲೇಟು ಕೈ ಜಾರಿದರೆ ಹಂಚಿನಂತೆ ಒಡೆಯುತ್ತದೆ. ಕೊಳೆ ತೆಗೆಯಲು ಸ್ಪಿರಿಟ್ ಸವರಿದರೆ ಅರಗೇ ಕರಗೀತು. ತಣ್ಣೀರು, ಮೆತ್ತನೆ ಬಟ್ಟೆ ಸಾಕು. ಎಲ್‌ಪಿಯ ಮುಳ್ಳು ಇದರ ಅಗಲವಾದ ಗೆರೆಗೆ ಹೊಂದದು. ಹಳೆಯ ಗ್ರಾಮಾಫೋನಿನ ಉಕ್ಕಿನ ಮುಳ್ಳನ್ನಂತೂ ಒಂದು ಬದಿ ಹಾಡಿದ ಮೇಲೆ ಬದಲಿಸಬೇಕು, ಸವೆದ ಮುಳ್ಳು ಗೆರೆಯನ್ನೇ ಉತ್ತುಬಿಡುತ್ತದೆ. ನಮ್ಮ ದೇಶದಲ್ಲಿ 78ರ ಪ್ಲೇಟು 1960ರ ದಶಕದ ಕೊನೆಯ ತನಕವೂ ಬರುತ್ತಿತ್ತು, ಬೀಟಲ್ಸ್ ಹಾಡುಗಳು ಕೂಡ ಅರಗಿನಲ್ಲಿ ಅಚ್ಚಾದವು. ಹೊರದೇಶದ ಸಂಗ್ರಹಕಾರರು ಅವಕ್ಕೆ ಹಣ ಸುರಿಯುತ್ತಾರೆ. ಮಸುಕು ಚೀಟಿಯ ಕನ್ನಡ ನಾಟಕದ ಪ್ಲೇಟನ್ನು ಕೇಳುವವರು ಕಡಿಮೆ. ಒಡೆದರೆ ಇನ್ನೊಂದು ಪ್ರತಿ ಸಿಗದಿರುವುದು ಮಾತ್ರ ಅದರದೇ.

ಅವರೆಯೂ ಈಗ ಕಾಲದ ಕಟ್ಟು ಬಿಡಿಸಿಕೊಂಡಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳು ಹಗಲಿನ ಉದ್ದ ಲೆಕ್ಕಿಸದೆ ಹೂ ಬಿಡುತ್ತವೆ. ಗಿಡ ಗಿಡ್ಡ, ವರ್ಷದಲ್ಲಿ ಯಾವಾಗ ಬೇಕಾದರೂ ಬಿತ್ತನೆ. ರೈತನಿಗೆ ಬೆಲೆ ಸಿಗುವ ಕಾಲ ನೋಡಿ ಬೆಳೆಯುವ ಅನುಕೂಲ. ಅದನ್ನು ತಪ್ಪೆನ್ನುವ ಹಕ್ಕು ಹೋಟೆಲಿನಲ್ಲಿ ಕೂತು ತಿನ್ನುವವರಿಗಿಲ್ಲ. ಆದರೂ ಸೊಗಡು ಸಾಲದು ಎಂಬ ದೂರು ನಿಂತಿಲ್ಲ. ಹೆಂಗಸರು ಕಾಯಿಯನ್ನು ಮೂಗಿಗೆ ಹಿಡಿದು ನೋಡಿ ಚೌಕಾಸಿ ಮಾಡುವುದು ಈ ಅನುಮಾನದಿಂದಲೇ.

ಕಾಲದ ಹಂಗೇ ಇಲ್ಲದ್ದು ಮುಳಬಾಗಿಲು ದೋಸೆ. ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ, ಮೇಲೆ ಧಾರಾಳವಾಗಿ ತುಪ್ಪ. ಈಗ ಬೆಂಗಳೂರಿನ ಬಡಾವಣೆಗಳಲ್ಲೂ ಆ ಊರಿನ ಹೆಸರು ಹೊತ್ತ ಫಲಕಗಳಿವೆ. ಆದರೂ ಮದರಾಸು ರಸ್ತೆಯಲ್ಲಿ ತಿರುಪತಿಗೆ ಹೊರಟವರು ಬೆಳಗಿನ ತಿಂಡಿಯನ್ನು ಮುಳಬಾಗಿಲಿಗೆಂದೇ ಉಳಿಸಿಕೊಂಡು ಹೋಗುತ್ತಾರೆ. ಕಾರಿನಲ್ಲಿ ಅಷ್ಟು ಹೊತ್ತಿಗೆ ಸುಪ್ರಭಾತ ಮುಗಿದಿರುತ್ತದೆ.