ಅಡಿಕೆಗೆ ಹೋದ ಮಾನ

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಗುಬ್ಬಿ ಸೀಮೆಯಲ್ಲಿ ಕೊಯ್ಲಿನ ಕಾಲಕ್ಕೆ ನಿದ್ದೆಗೆಟ್ಟು ತೋಟ ಕಾಯುವ ರೈತನಿಗೆ ಈ ಗಾದೆಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಕತ್ತಲಲ್ಲಿ ಬಂದು ಗೊನೆ ಕದಿಯುವವನಿಗಿಂತ ದೊಡ್ಡ ಕಳ್ಳ ಇಂದು ಹಾಡಹಗಲೇ ಬರುತ್ತಾನೆ. ಅವನ ಕೈಯಲ್ಲಿ ಕತ್ತಿಯಿಲ್ಲ, ಛಾಪಾ ಕಾಗದವಿದೆ.

ತುಮಕೂರು ಬೆಂಗಳೂರಿಗೆ ಕೇವಲ 70 ಕಿಲೋಮೀಟರ್ ದೂರ. ವಸಂತನರಸಾಪುರದಲ್ಲಿ ಕೈಗಾರಿಕೆಗಳು ಬಂದವು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಕುಣಿಗಲ್ ಮಂಗಳೂರು ಹೆದ್ದಾರಿಯ ಮೇಲಿದೆ. ಇವೆಲ್ಲ ಬೇಕಾದವೇ. ಆದರೆ ಮಣ್ಣಿಗೆ ಬೆಲೆ ಬಂದಂತೆ ಮಾತಿಗೆ ಬೆಲೆ ಹೋಗಬಾರದಲ್ಲವೇ? ಒಂದೇ ನಿವೇಶನವನ್ನು ಇಬ್ಬರಿಗೆ ಮಾರುವುದು, ಇಲ್ಲದವರ ಹೆಸರಿನಲ್ಲಿ ಹೆಬ್ಬೆಟ್ಟು ಒತ್ತುವುದು, ಬರೀ ಅಧಿಕಾರ ಪತ್ರ ತೋರಿಸಿ ಬಡವನ ಉಳಿತಾಯ ನುಂಗುವುದು ನಾಡಿನೆಲ್ಲೆಡೆ ಕೇಳಿಬರುವ ಸುದ್ದಿ. ಅಧಿಕಾರ ಪತ್ರದ ಮಾರಾಟದಿಂದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಪಹಣಿ ಗಣಕಯಂತ್ರಕ್ಕೆ ಏರಿ ಎರಡು ದಶಕ ಕಳೆದಿವೆ. ಆದರೂ ವಂಚನೆ ನಿಂತಿಲ್ಲ. 2023ರಲ್ಲಿ ಮಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿ ಬಂದವರ ಬ್ಯಾಂಕ್ ಖಾತೆಯಿಂದಲೇ ಹಣ ಮಾಯವಾದ ದೂರುಗಳು ಬಂದವು. ಬೆರಳಚ್ಚನ್ನೂ ಕದಿಯುವ ಕಾಲವಿದು!

ಇದಕ್ಕಿಂತ ನೋವಿನ ಕಳವು ಮನೆಯೊಳಗೇ ನಡೆಯುತ್ತದೆ. ಕಣ್ಣು ಮಂಜಾದ ತಂದೆಯಿಂದ ದಾನಪತ್ರಕ್ಕೆ ರುಜು ಹಾಕಿಸಿಕೊಂಡ ಮಗ, ಮರುವರ್ಷ ಅದೇ ತಂದೆಗೆ ಜಗಲಿ ತೋರಿಸುತ್ತಾನೆ. ಇದನ್ನು ತಡೆಯಲು 2007ರಲ್ಲಿ ಹಿರಿಯ ನಾಗರಿಕರ ಕಾಯಿದೆ ಬಂದಿತು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಮಕ್ಕಳು ಮಾತು ತಪ್ಪಿದರೆ, ಹಿಂದಕ್ಕೆ ಪಡೆಯಲು ಅದರ 23ನೇ ಕಲಮು ಅವಕಾಶ ಕೊಡುತ್ತದೆ. ವೃದ್ಧರು ಪತ್ರದಲ್ಲಿ ಈ ಷರತ್ತನ್ನು ಬರೆಸಿಕೊಳ್ಳಬೇಕು. ಹೆತ್ತವರನ್ನು ಸಾಕಲು ಕಾಯಿದೆ ಬೇಕಾಯಿತೆಂದರೆ ನಾವು ಎಲ್ಲಿಗೆ ಬಂದೆವು?

ಬಸವಣ್ಣನವರು ಬಿಡಬೇಕಾದವುಗಳನ್ನು ಎಣಿಸುವಾಗ ಕಳವನ್ನೇ ಮೊದಲು ಇಟ್ಟರು. ಆಯ್ದಕ್ಕಿ ಮಾರಯ್ಯನ ಕಥೆ ನಮಗೆಲ್ಲ ಗೊತ್ತು. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಆತನ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದ. ಬಡತನದ ಮನೆಯ ಹೆಂಗಸು ಲಕ್ಕಮ್ಮ ಹಿಗ್ಗಲಿಲ್ಲ. ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಅದು ಯಾರಿಂದಲೂ ಕದ್ದ ಅಕ್ಕಿಯಲ್ಲ, ಆದರೂ ಬೇಡವೆಂದಳು. ಇಂದು ನಮ್ಮ ಮನೆಗೆ ದಿಢೀರನೆ ಹಣ ಬಂದರೆ ಎಲ್ಲಿಂದ ಬಂತೆಂದು ಕೇಳುವ ಲಕ್ಕಮ್ಮಂದಿರು ಎಷ್ಟು ಜನ?

ತಪ್ಪು ಕಳ್ಳನದಷ್ಟೇ ಅಲ್ಲ, ನಮ್ಮದೂ ಇದೆ. ಅಗ್ಗಕ್ಕೆ ಸಿಕ್ಕಿತೆಂದು ದಾಖಲೆ ನೋಡದೆ ಕೊಳ್ಳುವವರು ನಾವೇ. ಮೋಸದಿಂದ ಮೇಲೆ ಬಂದವನನ್ನು ಜಾಣನೆಂದು ಹೊಗಳಿ, ಜಾತ್ರೆಯ ವೇದಿಕೆಯಲ್ಲಿ ಮುಂದಿನ ಕುರ್ಚಿ ಕೊಟ್ಟು ಹಾರ ಹಾಕುವವರೂ ನಾವೇ. ಈ ಮಾತು ಮಠ ಮಂದಿರಗಳಿಗೂ ಸಲ್ಲಬೇಕು. ದಾಸೋಹಕ್ಕೆ ಸಲ್ಲುವುದು ಸತ್ಯಶುದ್ಧ ಕಾಯಕದಿಂದ ಬಂದ ಧನ ಮಾತ್ರ. ಸಿದ್ಧಗಂಗೆಯ ದಾಸೋಹದ ಒಲೆ ಆರದೆ ಉರಿದಿರುವುದು ರೈತರು ಹೊತ್ತು ತಂದ ರಾಗಿ, ಅಕ್ಕಿ, ತರಕಾರಿಯ ಬಲದಿಂದಲೂ ಹೌದು ಎಂಬುದನ್ನು ಮರೆಯದಿರೋಣ.

ಪೊಲೀಸರು ಕಳ್ಳನನ್ನು ಹಿಡಿಯಬಹುದು. ಋಣಭಾರ ಪತ್ರ, ಪಹಣಿ, ಮೂಲ ಕ್ರಯಪತ್ರ ನೋಡಿ ಕೊಂಡರೆ ಅರ್ಧ ಮೋಸ ತಪ್ಪಬಹುದು. ಉಳಿದರ್ಧ ನಮ್ಮ ಆಸೆಯಲ್ಲಿದೆ. ಈ ರಾತ್ರಿ ಊಟಕ್ಕೆ ಕುಳಿತಾಗ ತಟ್ಟೆಯ ಅನ್ನ ಯಾರ ಬೆವರಿನದೆಂದು ಮಕ್ಕಳ ಎದುರೇ ಕೇಳಿಕೊಳ್ಳೋಣ. ಉತ್ತರ ಹೇಳಲು ನಾಲಿಗೆ ತಡವರಿಸದಿದ್ದರೆ ಅದೇ ಪ್ರಸಾದ.