ಎಲ್ಸಿ ಮ್ಯಾಕ್‌ಗಿಲ್ ಎಂಬ ವಿಮಾನ ಇಂಜಿನಿಯರ್

ಮಗಳನ್ನು ಇಂಜಿನಿಯರಿಂಗ್ ವಿದ್ಯೆಗೆ ಕಳುಹಿಸಬಹುದೇ, ದೇಶರಕ್ಷಣೆಯ ಕಾರ್ಖಾನೆಗಳಲ್ಲಿ ಹೆಣ್ಣುಮಕ್ಕಳಿಗೇನು ಕೆಲಸ ಎಂದು ತಂದೆತಾಯಿಗಳು ನನ್ನನ್ನು ಕೇಳುವುದುಂಟು. ಅವರಿಗಾಗಿ ಕೆನಡಾ ದೇಶದ ಎಲ್ಸಿ ಮ್ಯಾಕ್‌ಗಿಲ್ ಎಂಬವರ ವೃತ್ತಾಂತವನ್ನು ಬರೆಯುತ್ತೇನೆ.

ಇವರು 1905ನೆಯ ಇಸವಿಯಲ್ಲಿ ವ್ಯಾಂಕೂವರ್ ಪಟ್ಟಣದಲ್ಲಿ ಜನಿಸಿದರು. 1927ರಲ್ಲಿ ಟೊರಾಂಟೊದಲ್ಲಿ ವಿದ್ಯುತ್ ಇಂಜಿನಿಯರಿಂಗ್ ಪದವಿಯನ್ನೂ 1929ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ವಿಮಾನಶಾಸ್ತ್ರದ ಉನ್ನತ ಪದವಿಯನ್ನೂ ಪಡೆದರು. ಆ ಕಾಲಕ್ಕೇ ಪೋಲಿಯೊ ಬೇನೆ ತಗಲಿತು. ಇನ್ನು ಗಾಲಿಕುರ್ಚಿಯೇ ಗತಿಯೆಂದು ವೈದ್ಯರು ಹೇಳಿದರೂ ಎರಡು ಊರುಗೋಲುಗಳ ಆಧಾರದಿಂದ ನಡೆಯಲು ಕಲಿತರು. ವಿಮಾನಗಳ ವಿಷಯವಾಗಿ ಪತ್ರಿಕೆಗಳಿಗೆ ಬರೆದು ಮುಂದಿನ ವ್ಯಾಸಂಗದ ಖರ್ಚನ್ನು ಕೂಡಿಸಿಕೊಂಡರು.

1938ರಲ್ಲಿ ಫೋರ್ಟ್ ವಿಲಿಯಂ ಊರಿನ ಕಾರ್ಖಾನೆಯೊಂದಕ್ಕೆ ಮುಖ್ಯ ವಿಮಾನ ಇಂಜಿನಿಯರ್ ಆದರು. ಅದು ಮೊದಲು ರೈಲುಗಾಡಿಗಳನ್ನು ಕಟ್ಟುತ್ತಿದ್ದ ಕಂಪೆನಿಯದು. ಯುದ್ಧವು ಸಮೀಪಿಸಲು ಬ್ರಿಟಿಷ್ ಸರಕಾರವು ಹರಿಕೇನ್ ಎಂಬ ಯುದ್ಧವಿಮಾನಗಳನ್ನು ಅಲ್ಲಿ ಕಟ್ಟಿಸಲು ನಿಶ್ಚಯಿಸಿತು. ನಕ್ಷೆಗಳು ಸಮುದ್ರದಾಚೆಯಿಂದ ಬಂದವು. ಕಠಿಣವಾದ ಷರತ್ತೊಂದಿತ್ತು: ಇಲ್ಲಿ ಮಾಡಿದ ಪ್ರತಿಯೊಂದು ಬಿಡಿಭಾಗವೂ ಇಂಗ್ಲೆಂಡಿನಲ್ಲಿ ಮಾಡಿದ ವಿಮಾನಕ್ಕೆ ಸರಿಯಾಗಿ ಕೂಡಬೇಕು. ನಮ್ಮ ಹೊಲಿಗೆಯ ತರಗತಿಯಲ್ಲಿ ಒಬ್ಬಳು ಕತ್ತರಿಸಿದ ತೋಳನ್ನು ಮತ್ತೊಬ್ಬಳು ಹೊಲಿದ ರವಿಕೆಗೆ ಕೂಡಿಸಲು ಪಡುವ ಪಾಡನ್ನು ಬಲ್ಲ ಹಳೆಯ ವಿದ್ಯಾರ್ಥಿನಿಯರಿಗೆ ಇದರ ಕಷ್ಟವನ್ನು ನಾನು ವಿವರಿಸಬೇಕಾಗಿಲ್ಲ. ಅಲ್ಲಿಯಾದರೋ ರಂಧ್ರವೊಂದು ಕೂದಲೆಳೆಯಷ್ಟು ತಪ್ಪಿದರೂ ರೆಕ್ಕೆ ಕೂಡದು. ಆದುದರಿಂದ ಮೊದಲು ವಿಮಾನವನ್ನಲ್ಲ, ಭಾಗಗಳನ್ನು ಹಿಡಿದು ಕೊರೆಯುವ ಅಚ್ಚುಗಳನ್ನೂ ಚೌಕಟ್ಟುಗಳನ್ನೂ ಮಾಡಬೇಕಾಯಿತು. ಕೆಲಸಕ್ಕೆ ಹೊಸಬರಾದ ಸಾವಿರಾರು ಮಂದಿಯನ್ನು, ಅವರಲ್ಲಿ ಅನೇಕ ಹೆಂಗಸರನ್ನು, ತರಬೇತಿಗೊಳಿಸಬೇಕಾಯಿತು.

1940ರ ಜನವರಿಯಲ್ಲಿ ಮೊದಲನೆಯ ವಿಮಾನವು ಹಾರಿತು. 1943ರೊಳಗೆ ಸಾವಿರದ ನಾನೂರಕ್ಕೂ ಹೆಚ್ಚು ವಿಮಾನಗಳು ಹೊರಬಂದವು. ಹಿಮದ ಮೇಲೆ ಇಳಿಯುವುದಕ್ಕೆ ಜಾರುಪಟ್ಟಿಗಳುಳ್ಳ ಒಂದು ಬಗೆಯನ್ನೂ ಇವರು ರೂಪಿಸಿದರು. ವಿಮಾನಗಳ ಬೃಹತ್ ಉತ್ಪಾದನೆಯನ್ನು ಕುರಿತು 1940ರಲ್ಲಿ ಇವರು ಬರೆದ ಪ್ರೌಢ ಪ್ರಬಂಧಕ್ಕೆ ಕೆನಡಾದ ಇಂಜಿನಿಯರುಗಳ ಸಂಸ್ಥೆಯು ಗ್ಜೋವ್‌ಸ್ಕಿ ಪದಕವನ್ನಿತ್ತಿತು.

ಎಲ್ಲವೂ ಸುಸೂತ್ರವಾಗಿ ನಡೆಯಿತೆಂದಲ್ಲ. ಅನಂತರ ಅಮೆರಿಕದ ನೌಕಾಪಡೆಗಾಗಿ ಹೆಲ್‌ಡೈವರ್ ವಿಮಾನಗಳ ಕೆಲಸ ಬಂದಾಗ ಬೇಡಿಕೆಗಳು ಪದೇ ಪದೇ ಬದಲಾಗಿ ಕಾರ್ಯವು ಬಹಳ ತಡವಾಯಿತು. ನಕ್ಷೆಯ ಒಂದು ಗೆರೆ ಬದಲಾದರೆ ಅಚ್ಚು ಬದಲಾಗಬೇಕು, ಅಚ್ಚು ಬದಲಾಗುವವರೆಗೆ ಕೈಗಳು ಸುಮ್ಮನಿರಬೇಕು. 1943ರಲ್ಲಿ ಅವರು ಆ ಕಾರ್ಖಾನೆಯನ್ನು ಬಿಟ್ಟು ಟೊರಾಂಟೊದಲ್ಲಿ ಸ್ವಂತ ಕಚೇರಿಯನ್ನು ತೆರೆದರು. ಅವರು ತೀರಿಕೊಂಡದ್ದು 1980ರಲ್ಲಿ.

ಕಾಲುಗಳ ದೌರ್ಬಲ್ಯದಿಂದ ಅವರು ತಾವೇ ವಿಮಾನವನ್ನು ನಡೆಸಲಾರದೆ ಹೋದರು. ಆದರೂ ತಾವು ರೂಪಿಸಿದ ವಿಮಾನಗಳ ಪರೀಕ್ಷಾ ಹಾರಾಟಗಳಲ್ಲಿ, ಅಪಾಯವಿದ್ದರೂ, ಚಾಲಕನ ಸಂಗಡ ತಾವೂ ಹೋಗಿ ಪರಿಶೀಲಿಸುತ್ತಿದ್ದರು.