ಕುಲನಾಮವೂ ವಂಶನಿರ್ಣಯವೂ: ‘ಕಿಟ್ಟೆಲ್’ ಎಂಬ ಹೆಸರಿನ ವಿಚಾರ

ಆವತಿಯ ನಾಡಪ್ರಭುಗಳ ಚರಿತ್ರೆಯನ್ನು ಅಭ್ಯಸಿಸುವವರು ಮೊದಲು ಬಿಡಿಸಬೇಕಾದ ತೊಡಕು ಹೆಸರಿನದು. ರಣಭೈರೇಗೌಡ, ಮಲ್ಲಭೈರೇಗೌಡ ಮೊದಲಾದ ಹೆಸರುಗಳ ಕೊನೆಯಲ್ಲಿರುವ ‘ಗೌಡ’ ಎಂಬುದು ಮೂಲತಃ ಊರಿನ ಮುಖ್ಯಸ್ಥನನ್ನು ಸೂಚಿಸುವ ಪದ. ಅದೊಂದನ್ನೇ ಆಧರಿಸಿ ಇಬ್ಬರನ್ನು ಒಂದು ವಂಶಕ್ಕೆ ಸೇರಿಸುವುದು ಯುಕ್ತವಲ್ಲವೆಂಬುದನ್ನು ನಾವೆಲ್ಲರೂ ಬಲ್ಲೆವು. ಆದರೆ ತಂದೆಯಿಂದ ಮಕ್ಕಳಿಗೆ ಬರುವ ಐರೋಪ್ಯ ಕುಲನಾಮಗಳ ವಿಷಯದಲ್ಲಿ ಈ ಎಚ್ಚರಿಕೆ ಸಡಿಲವಾಗುವುದುಂಟು. ಕನ್ನಡಿಗರಿಗೆ ಚಿರಪರಿಚಿತವಾದ ‘ಕಿಟ್ಟೆಲ್’ ಎಂಬ ಜರ್ಮನ್ ಕುಲನಾಮವನ್ನು ಇದಕ್ಕೆ ನಿದರ್ಶನವಾಗಿ ನೋಡಬಹುದು.

ಜರ್ಮನ್ ಭಾಷೆಯಲ್ಲಿ ಈ ಪದಕ್ಕೆ ಕೆಲಸದ ವೇಳೆ ತೊಡುವ ಸಡಿಲವಾದ ಮೇಲಂಗಿ ಎಂದು ಅರ್ಥ. ಉಡುಪು, ಕಸುಬುಗಳಿಗೆ ಸಂಬಂಧಿಸಿದ ಇಂತಹ ಹೆಸರು ಬೇರೆ ಬೇರೆ ಊರುಗಳಲ್ಲಿ, ಪರಸ್ಪರ ಸಂಬಂಧವಿಲ್ಲದ ಮನೆತನಗಳಿಗೂ ಅಂಟಿಕೊಳ್ಳಬಲ್ಲದು.

ಈ ಹೆಸರಿನವರಲ್ಲಿ ನಮಗೆ ಮೊದಲು ಸ್ಮರಣೆಗೆ ಬರುವವರು ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್ (1832–1903). ಜರ್ಮನಿಯ ವಾಯವ್ಯ ಕರಾವಳಿಯ ಪೂರ್ವ ಫ್ರೀಸಿಯಾ ಪ್ರಾಂತದಲ್ಲಿ ಜನಿಸಿದ ಇವರು 1853ರಲ್ಲಿ ಬಾಸೆಲ್ ಮಿಷನ್ನಿನ ಪರವಾಗಿ ಕರ್ನಾಟಕಕ್ಕೆ ಬಂದರು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು. ಸುಮಾರು 70,000 ಶಬ್ದಗಳ ಇವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಇವರು ಕಾಲವಾದುದು ಟ್ಯೂಬಿಂಗೆನ್ ನಗರದಲ್ಲಿ.

ರುಡಾಲ್ಫ್ ಕಿಟ್ಟೆಲ್ (1853–1929) ದಕ್ಷಿಣ ಜರ್ಮನಿಯ ವ್ಯೂರ್ಟೆಂಬೆರ್ಗ್ ಸೀಮೆಯವರು. ಲೈಪ್ಜಿಗ್‌ನಲ್ಲಿ ಪ್ರಾಧ್ಯಾಪಕರಾಗಿದ್ದು ಹೀಬ್ರೂ ಬೈಬಲ್ಲಿನ ಪರಿಷ್ಕೃತ ಪಾಠವನ್ನು ಸಿದ್ಧಪಡಿಸಿದವರು. ಅವರ ಮಗ ಗೆರ್ಹಾರ್ಡ್ ಕಿಟ್ಟೆಲ್ (1888–1948) 1926ರಿಂದ ಟ್ಯೂಬಿಂಗೆನ್‌ನಲ್ಲಿ ಪ್ರಾಧ್ಯಾಪಕರಾಗಿದ್ದರು. ಹೊಸ ಒಡಂಬಡಿಕೆಯ ಗ್ರೀಕ್ ಶಬ್ದಗಳನ್ನು ಕುರಿತು ಅವರು ಸಂಪಾದಿಸಿದ ಬೃಹತ್ ನಿಘಂಟಿನ ಮೊದಲ ಸಂಪುಟ 1933ರಲ್ಲಿ ಹೊರಬಂದಿತು. ಅದೇ ವರ್ಷ ಅವರು ನಾಟ್ಸಿ ಪಕ್ಷವನ್ನು ಸೇರಿ, ಯೆಹೂದ್ಯರ ಮೇಲಿನ ದ್ವೇಷಕ್ಕೆ ತಮ್ಮ ಪಾಂಡಿತ್ಯದ ಬೆಂಬಲವನ್ನಿತ್ತರು, 1945ರಲ್ಲಿ ಬಂಧನಕ್ಕೊಳಗಾದರು. ಇವರಲ್ಲದೆ, ಘನಪದಾರ್ಥಗಳ ಭೌತಶಾಸ್ತ್ರವನ್ನು ಕುರಿತ ಪಠ್ಯಗ್ರಂಥದಿಂದ ಪ್ರಸಿದ್ಧರಾದ ಚಾರ್ಲ್ಸ್ ಕಿಟ್ಟೆಲ್ (1916–2019) ಅಮೆರಿಕದವರು.

ಈ ನಾಲ್ವರಲ್ಲಿ ರುಡಾಲ್ಫ್ ಮತ್ತು ಗೆರ್ಹಾರ್ಡರ ಸಂಬಂಧ ತಂದೆಮಕ್ಕಳದು. ಉಳಿದವರನ್ನು ಹೆಸರಿನ ಸಾಮ್ಯವೊಂದರಿಂದಲೇ ಅವರ ಬಂಧುಗಳೆನ್ನಲಾಗದು. ಅಪಾಯವಿರುವುದು ಇಲ್ಲಿಯೇ: ‘ಟ್ಯೂಬಿಂಗೆನ್ನಿನ ನಿಘಂಟುಕಾರ ಕಿಟ್ಟೆಲ್’ ಎಂಬ ವಿವರಣೆಯು ಫರ್ಡಿನಾಂಡರಿಗೂ ಸಲ್ಲುತ್ತದೆ, ಗೆರ್ಹಾರ್ಡರಿಗೂ ಸಲ್ಲುತ್ತದೆ. ಒಬ್ಬರು ಪರದೇಶದ ಜನರ ನುಡಿಯನ್ನು ದಶಕಗಳ ಕಾಲ ಸೇವಿಸಿದರು. ಇನ್ನೊಬ್ಬರು ಸ್ವದೇಶದ ಒಂದು ಜನಾಂಗದ ಪೀಡನೆಗೆ ಒತ್ತಾಸೆಯಾದರು. ಇವರನ್ನು ಬೆರೆಸಿದರೆ ಒಬ್ಬರಿಗೆ ಸಲ್ಲದ ಕಳಂಕವೂ ಮತ್ತೊಬ್ಬರಿಗೆ ಸಲ್ಲದ ಗೌರವವೂ ಪ್ರಾಪ್ತವಾಗುತ್ತದೆ.

ಆದುದರಿಂದ ಸಂಶೋಧಕನು ಪೂರ್ಣನಾಮ, ಜನ್ಮಸ್ಥಳ, ಕಾಲ, ತಂದೆತಾಯಿಗಳು ಇವುಗಳನ್ನು ನಿಶ್ಚಯಿಸಿಕೊಂಡ ಬಳಿಕವೇ ವಂಶದ ಮಾತನ್ನಾಡಬೇಕು. ಶಾಸನದ ಗೌಡನಿಗೂ ಗ್ರಂಥಸೂಚಿಯ ಕಿಟ್ಟೆಲರಿಗೂ ಈ ನಿಯಮ ಒಂದೇ.